ಬಾ ಸಂಗು, ಮನೀಗಿ ಹೋಗಮು

ಬಾಗಿಲ ಚಿಲಕ ಹಾಕಿ ಬಂದು ಕೂತುಕೊಳ್ಳಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ತಾಂಡೂರಿನ ಕಡೆ ಕೊಟ್ಟಿರುವ ನಮ್ಮ ಚಿಕ್ಕಮ್ಮನ ಮಗಳು ಪೂರ್ಣಿಮಾಗೆ ಆದದ್ದು. ಹೋದ ವರ್ಷ, ಎಳ್ಳಮಾಸಿ, ಅದೇ ಎಳ್ಳು ಅಮಾವಾಸ್ಯೆ ಹಬ್ಬ, ಮುಗಿದ ವಾರ... ಬಾಯಿ ತೆರೆದರೆ ಹೊಗೆ ಬರುವಂಥ ಥಂಡಿ.

ಶನಿವಾರ. ಹೊತ್ತು ಮುಳುಗಿದೆ. ಪೂರ್ಣಿಮಾ ಹಳೇ ಖಣಿಯ ದಂಡೆ ಹಿಡಿದು ಬರುತ್ತಿದ್ದಾಳೆ. ಹೆಗಲ ಮೇಲೆ ನಾಲ್ಕು ವರ್ಷದ ಮಗ ಸಂಗು, ನಿದ್ದೆಯಲ್ಲಿ ಕಲ್ಲಿನಷ್ಟು ಭಾರ. ಕಾಲ ಕೆಳಗೆ ಒಣಗಿದ ಎಲೆ... ಚರಕ್, ಚರಕ್. ಎಡಕ್ಕೆ ಖಣಿ. ಒಂದು ಕಾಲಕ್ಕೆ ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆಯುತ್ತಿದ್ದರು. ಬಿಟ್ಟು ಎಷ್ಟೋ ವರ್ಷವಾಯಿತು. ಈಗ ತಳದಲ್ಲಿ ಕಪ್ಪು ನೀರು, ಸುತ್ತಲೂ ಮುತ್ತುಗ, ಬೇವು, ಸೀತಾಫಲ ಬೆಳೆದು ಅಡವಿಯೇ ಆಗಿದೆ. ದಾರಿ ತಿರುಗುವಲ್ಲಿ ಒಂದು ಆಲದ ಮರ.

ಮರದಾಚೆ ರಸ್ತೆಯಲ್ಲಿ ಗಂಡ ಸೂರ್ಯಕಾಂತ ಆಟೋ ನಿಲ್ಲಿಸಿಕೊಂಡು ಕೂಗುತ್ತಿದ್ದ.

“ಲಗೂ ಬಾ. ಎಲ್ಲಾರೂ ಕಾಯ್ಲಾಕತ್ಯಾರ.”

“ನಿಮ್ಮ ಮಗನ್ನ ಒಂದಿಷ್ಟು ಹೊತ್ತು ನೋಡ್ರಿ, ಆಮ್ಯಾಲ ಲಗೂ ಅನ್ರಿ.”

ಇವಳಿಗೆ ಆ ಹೊತ್ತಿನಲ್ಲಿ ಅಡವಿಯಲ್ಲಿ ಏನು ಕೆಲಸ ಅಂತೀರಾ? ಸೂರ್ಯಕಾಂತನ ಸೋದರಮಾವನ ಮಗ ಪ್ರವೀಣಕುಮಾರ ಜಹೀರಾಬಾದಿನವನು. ಒಳ್ಳೆ ನೌಕರಿ, ಕೊರಳಲ್ಲಿ ದುರ್ಬೀನು, ತಲೆಯ ತುಂಬ ಹಕ್ಕಿಹುಚ್ಚು. ಅವನು ಗೆಳೆಯರನ್ನು ಕಟ್ಟಿಕೊಂಡು ಶನಿವಾರ, ಭಾನುವಾರ ಹಕ್ಕಿ ನೋಡಲು ಬಂದಿದ್ದ. ಓಡಾಡಲು ಸೂರ್ಯಕಾಂತನ ಆಟೋ, ಉಣ್ಣಲು ಪೂರ್ಣಿಮಾಳ ಕೈಯ ರೊಟ್ಟಿ. ಮಗನನ್ನು ಬಿಟ್ಟು ಬರಲಾಗದೆ ಅವಳು ಅವನನ್ನೂ ಎತ್ತಿಕೊಂಡು ಬಂದಿದ್ದಳು.

ಮುಂಜಾನೆ ಹೊರಡುವಾಗ ಅತ್ತೆ ಶಾಂತಾಬಾಯಿ ಮೊಮ್ಮಗನ ಹಣೆಗೆ ವಿಭೂತಿ ಹಚ್ಚಿ ಒಂದೇ ಮಾತು ಹೇಳಿದ್ದಳು.

“ಖಣಿ ಬಿಟ್ಟು ಬರಾಗ ಕೂಸಿನ ಎತ್ಕೊಂಡು, ಹೆಸರು ಹಿಡಿದು ಮೂರು ಸಲ ಕರಿ. ನಿದ್ದ್ಯಾಗಿದ್ರೂ ಕರಿ.”

“ಹೆಗಲ ಮ್ಯಾಲ ಇದ್ದಂವನ್ನ ಯಾಕ ಕರೀಬೇಕ್ ಅತ್ಯಾ?”

“ಕರಿ ಅಂದ್ರ ಕರಿ. ಎಲ್ಲಾದಕ್ಕೂ ಯಾಕ ಅಂದ್ರ ಹೆಂಗ?”

ಆಲದ ಮರದ ಕೆಳಗೆ ಬಂದಾಗ ಪೂರ್ಣಿಮಾಗೆ ಅದು ನೆನಪಾಯಿತು. ಸುತ್ತ ಯಾರೂ ಇಲ್ಲ. ಖಣಿಯ ಕಡೆ ತಿರುಗಿ ನಿಂತು, ಮೆಲ್ಲಗೆ ಕರೆದಳು.

“ಬಾ ಸಂಗು, ಮನೀಗಿ ಹೋಗಮು.”

ಮೂರನೇ ಸಲ ಕರೆದಾಗ ಹುಡುಗನ ಕೈ ನಿದ್ದೆಯಲ್ಲೇ ಅವಳ ಕೊರಳ ಸುತ್ತ ಬಿಗಿಯಾಯಿತು. ಹಾಯೆನಿಸಿತು. ತಲೆಯ ಮೇಲೆ ಟೊಂಗೆಯಲ್ಲಿ ಒಂದು ಕೆಂಪು ದೀಪ, ಜೋಳದ ಕಾಳಿನಷ್ಟು, ಆರಿ ಹತ್ತುತ್ತಿತ್ತು. ಪ್ರವೀಣಕುಮಾರ ಹಕ್ಕಿಯ ದನಿ ಹಿಡಿಯಲು ಕಟ್ಟಿದ್ದ ರೆಕಾರ್ಡರು. ಅವಳು ಅದನ್ನು ನೋಡಿದಳು. ನೋಡಿ ಮರೆತಳು.

ಅವರ ಮನೆಯ ಗೇಟಿನ ಮಾತೂ ಈಗಲೇ ಹೇಳಿಬಿಡುತ್ತೇನೆ. ತಗಡಿನ ಗೇಟು. ತಾನೇ ಮುಚ್ಚಿಕೊಳ್ಳಲಿ ಅಂತ ಸೂರ್ಯಕಾಂತ ತಂತಿಗೆ ಒಂದು ಫರಸಿ ತುಂಡು ಕಟ್ಟಿದ್ದ. ಒಬ್ಬೊಬ್ಬರು ಒಳಗೆ ಬಂದಾಗಲೂ ಅದು ‘ಕಿರ್ರ್’ ಅಂತ ತೆರೆದು ‘ಟಕ್’ ಅಂತ ಮುಚ್ಚುತ್ತಿತ್ತು. ಮೊಣಕಾಲು ನೋವಿನ ಶಾಂತಾಬಾಯಿ ಒಳಗೆ ಮಲಗಿಕೊಂಡೇ ಎಷ್ಟು ಮಂದಿ ಬಂದರು ಅಂತ ಹೇಳುತ್ತಿದ್ದಳು.

ಆ ರಾತ್ರಿ ಪ್ರವೀಣಕುಮಾರನ ತಂಡವನ್ನು ತಾಂಡೂರಿನ ಲಾಡ್ಜಿಗೆ ಬಿಟ್ಟು ಸೂರ್ಯಕಾಂತ ಬಂದ. ಕಿರ್ರ್... ಟಕ್. ಮಗನನ್ನು ಹೊತ್ತು ಪೂರ್ಣಿಮಾ ಬಂದಳು. ಕಿರ್ರ್... ಟಕ್.

“ಕರದ್ಯಾ?” ಒಳಗಿನಿಂದ ಅತ್ತೆ.

“ಕರದೀನಿ ಅತ್ಯಾ.”

ಭಾನುವಾರ ಚೆನ್ನಾಗಿಯೇ ಹೋಯಿತು. ಮಂಜು ಹರಿಯುವ ಮೊದಲೇ ತೊಗರಿ ಹೊಲದ ಬದುವಿನಲ್ಲಿ ನರಿ ಕಂಡಿತು. ನೀರಿನ ದಂಡೆಗೆ ಮಿಂಚುಳ್ಳಿ. ಸಂಗುಗೆ ಒಂದು ಮುಳ್ಳಹಂದಿಯ ಮುಳ್ಳು ಸಿಕ್ಕಿತು. ದಿನವಿಡೀ ಅದರಿಂದ ಎಲ್ಲರಿಗೂ ಚುಚ್ಚಿ ಚುಚ್ಚಿ, “ಮಮ್ಮಿ, ನೋಡು, ನಾ ಡಾಕ್ಟರ” ಅನ್ನುತ್ತ ಓಡಾಡಿದ. ಮಮ್ಮಿ ಅನ್ನೋದು ಶಾಂತಾಬಾಯಿಗೆ ಸೇರುತ್ತಿರಲಿಲ್ಲ. “ಅವ್ವ ಅಂದ್ರ ನಾಲಿಗಿ ಸುಡ್ತದೇನು” ಅನ್ನುತ್ತಿದ್ದಳು. ಪೂರ್ಣಿಮಾ ಅಷ್ಟಕ್ಕೇ ಇನ್ನೂ ಗಟ್ಟಿಯಾಗಿ ಮಮ್ಮಿ ಅನ್ನಿಸುತ್ತಿದ್ದಳು.

ಊಟವಾದ ಮೇಲೆ ಪ್ರವೀಣಕುಮಾರ ರೆಕಾರ್ಡರು ಇಳಿಸಿ, ಅದರಲ್ಲಿದ್ದುದನ್ನು ಮೊಬೈಲಿಗೆ ಹಾಕಿಕೊಂಡು ಕಿವಿಗೆ ಹಿಡಿದು ಕೂತ. ಮುಖ ಅರಳಿತು.

“ವೈನಿ, ಸಿಕ್ತು. ನತ್ತಿಂಗ ಹಕ್ಕಿ. ಸಂಜಿಮುಂದ ಇದನ್ನೇ ಹಚ್ಚಿದ್ರ ಹಕ್ಕಿ ತಾನೇ ಹತ್ರ ಬರ್ತದ.”

“ಯಾಕ ಬರ್ತದ?”

“ತನ್ನ ಜಾತಿದು ಕರೀಲಾಕತ್ತದ ಅಂತ ತಿಳ್ಕೋತದ.”

“ಅಂದ್ರ ಮೋಸ.”

“ಮೋಸ ಅಲ್ಲ ವೈನಿ, ಪದ್ಧತಿ ಅದ.”

“ನಮ್ಮೂರಾಗ ಮೋಸಕ್ಕ ಮೋಸನೇ ಅಂತಾರ. ನಿಮ್ಮ ಜಹೀರಾಬಾದದಾಗ ಪದ್ಧತಿ ಅಂತಿರಬೇಕು.”

ಎಲ್ಲರೂ ನಕ್ಕರು. ಅವಳ ನಾಲಿಗೆ ಹಾಗೇ. ಯಾರನ್ನೂ ಬಿಡುವುದಿಲ್ಲ.

ಆ ಹಕ್ಕಿಗೆ ಊರವರು ಕಲ್ಲು ಕಡಿಯೋ ಹಕ್ಕಿ ಅನ್ನುತ್ತಾರೆ. ನೆಲಕ್ಕೆ ಅಂಟಿಕೊಂಡು ಕೂತು ಕೂಗುತ್ತದೆ. ಕಲ್ಲಿನ ಮೇಲೆ ಉಳಿ ಇಟ್ಟು ಹೊಡೆದ ಹಾಗೆ... ಚಕ್, ಚಕ್, ಚಕ್‌ಚಕ್‌ರ್ರ್. ಖಣಿಯಲ್ಲಿ ಅದನ್ನು ಕೇಳಿದವರು ಯಾರೋ ಇನ್ನೂ ಕೆಲಸ ಮಾಡುತ್ತಿದ್ದಾರೆ ಅಂದುಕೊಳ್ಳಬೇಕು. ಹಾಗಿರುತ್ತದೆ.

ಹೊತ್ತು ಮುಳುಗಿತು. ಸಂಗು ಆಲದ ಬುಡದಲ್ಲಿ ಹಾಸಿದ ಚಾದರದ ಮೇಲೆ ಮುಳ್ಳು ಹಿಡಿದುಕೊಂಡೇ ಮಲಗಿಬಿಟ್ಟ. ಪೂರ್ಣಿಮಾ ಸ್ವಲ್ಪ ದೂರದಲ್ಲಿ ಪಾತ್ರೆ ಕಟ್ಟುತ್ತಿದ್ದಳು. ಪ್ರವೀಣಕುಮಾರ ಖಣಿಯ ಅಂಚಿನ ಕಲ್ಲಿನ ಮೇಲೆ ಸಣ್ಣ ಸ್ಪೀಕರ್ ಇಟ್ಟ. ಎಲ್ಲರೂ ಟಾರ್ಚು ಆರಿಸಿ ಕೂತರು.

ಸ್ಪೀಕರಿನಿಂದ ಬಂತು... ಚಕ್, ಚಕ್, ಚಕ್‌ಚಕ್‌ರ್ರ್.

ಒಂದು ಗಳಿಗೆ ಏನೂ ಇಲ್ಲ.

ಆಚೆ ದಂಡೆಯಿಂದ ಉತ್ತರ. ಚಕ್... ಚಕ್...

“ಬಂತು,” ಪ್ರವೀಣಕುಮಾರ ಪಿಸುಗುಟ್ಟಿದ. “ಅಲುಗಾಡಬ್ಯಾಡ್ರಿ.”

ಹಕ್ಕಿ ಇನ್ನೂ ಹತ್ತಿರ ಬಂತು. ಇನ್ನೂ ಹತ್ತಿರ. ಅವನು ಅದರಲ್ಲೇ ಮೈಮರೆತ. ಹಕ್ಕಿಯ ದನಿ ಮುಗಿದಲ್ಲಿ ನಿಲ್ಲಿಸುವುದನ್ನು ಮರೆತ. ಸ್ಪೀಕರಿನಲ್ಲಿ ಒಣ ಎಲೆಯ ಸದ್ದು... ಚರಕ್, ಚರಕ್. ಆಮೇಲೆ ಒಬ್ಬ ಹೆಂಗಸಿನ ದನಿ, ಇದ್ದುದಕ್ಕಿಂತ ದೊಡ್ಡದಾಗಿ.

“ಬಾ ಸಂಗು, ಮನೀಗಿ ಹೋಗಮು.”

ಪೂರ್ಣಿಮಾಳ ಕೈಯಿಂದ ಮುಚ್ಚಳ ಜಾರಿತು. ಅವಳದೇ ದನಿ. ಖಣಿಯ ನಾಲ್ಕೂ ಗೋಡೆಗೆ ಬಡಿದು ತಿರುಗಿ ಬಂತು... ಹೋಗಮು... ಗಮು... ಪ್ರವೀಣಕುಮಾರ ಕತ್ತಲಲ್ಲಿ ಮೊಬೈಲು ತಡಕಾಡುತ್ತಿದ್ದ. ಎರಡನೇ ಸಲ. ಮೂರನೇ ಸಲ. ಅವನಿಗೆ ನಿಲ್ಲಿಸಲು ಸಿಕ್ಕಾಗ ಮೂರೂ ಆಗಿಹೋಗಿತ್ತು.

ಗೆಳೆಯರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು. ಒಬ್ಬ ಕೇಳಿದ, “ಭಾಬಿ, ಇದು ಯಾವ ಹಕ್ಕಿ?”

ಅವಳ ಕಿವಿ ಬೇರೆ ಕಡೆ ಇತ್ತು. ಹಕ್ಕಿ ನಿಂತಿತ್ತು. ಜೀರುಂಡೆ ನಿಂತಿತ್ತು. ಕೆಳಗೆ ನೀರಿನಲ್ಲಿ ಬಟ್ಟೆ ಅದ್ದಿ ತೆಗೆದ ಹಾಗೆ ಒಂದು ಸದ್ದು... ಚಳಕ್. ಅದರ ಹಿಂದೆಯೇ, ತೀರ ಸಣ್ಣದಾಗಿ...

“ಹೂಂ.”

“ಕೇಳಿದ್ರೇನು?” ಅಂದಳು.

“ನಿಮ್ಮ ದನಿನೇ ವೈನಿ, ಗ್ವಾಡಿಗಿ ಬಡ್ದು ತಿರುಗಿ ಬಂದದ.”

ತನ್ನ ದನಿ ತಾನು ಹೇಳದ್ದನ್ನು ಹೇಗೆ ಹೇಳುತ್ತದೆ? ಹೋಗಿ ಮಗನನ್ನು ಎತ್ತಿಕೊಂಡಳು. ಖಣಿಯ ಕಡೆ ತಿರುಗಿದಳು. ಕರೆಯಲು ಬಾಯಿ ತೆರೆದಳು. ಅಷ್ಟರಲ್ಲಿ ಟಾರ್ಚುಗಳು ಹತ್ತಿಕೊಂಡವು. ಎಲ್ಲ ಮುಖಗಳೂ ಇವಳ ಕಡೆಗೇ, ನಗು ತಡೆದುಕೊಂಡು. ಕರೆದದ್ದು ಆಯಿತಲ್ಲ, ನನ್ನ ದನಿಯೇ ಅಲ್ಲವಾ, ಮತ್ತೆ ಕರೆದು ಇವರ ಮುಂದೆ ಯಾಕೆ ನಗೆಗೀಡಾಗಬೇಕು ಅಂದುಕೊಂಡಳು. ಅಷ್ಟುದ್ದ ನಾಲಿಗೆಯವಳು ಆ ಒಂದು ಸಲ ಬಾಯಿ ಮುಚ್ಚಿದಳು.

ಹುಡುಗನ ಕೈ ಕೊರಳ ಸುತ್ತ ಬಿಗಿಯಾಗಲಿಲ್ಲ. ಬೆನ್ನ ಮೇಲೆ ಸುಮ್ಮನೆ ಜೋತಾಡುತ್ತಿತ್ತು. ತಣ್ಣಗೆ.

ಮನೆ. ಸೂರ್ಯಕಾಂತ. ಕಿರ್ರ್... ಟಕ್. ಪೂರ್ಣಿಮಾ. ಕಿರ್ರ್... ಟಕ್.

“ಕರದ್ಯಾ?”

“ಹೂಂ ಅತ್ಯಾ.”

ರಾತ್ರಿ ಅವಳಿಗೆ ಎಚ್ಚರವಾಯಿತು. ಟಕ್... ಟಕ್... ಟಕ್. ಮೊದಲು ಗೇಟು ಅಂದುಕೊಂಡಳು. ಗೇಟಲ್ಲ. ಸದ್ದು ಕೋಣೆಯೊಳಗೇ ಇತ್ತು. ಗೋಡೆಯ ಕಡೆ ಮುಖ ಮಾಡಿ ಸಂಗು ಕತ್ತಲಲ್ಲಿ ಕೂತಿದ್ದ. ಕೈಯಲ್ಲಿ ಚಮಚ. ನೆಲದ ಫರಸಿಗೆ ಒಂದೇ ಕಡೆ ಹೊಡೆಯುತ್ತಿದ್ದ. ಟಕ್... ಟಕ್...

“ಸಂಗು.”

ತಿರುಗಲಿಲ್ಲ.

“ಏ ಸಂಗು, ಏನ್ ಮಾಡ್ಲಾಕತ್ತಿ? ಬಾ, ಮಮ್ಮಿ ಹತ್ರ ಮಲಕೋ.”

ಚಮಚ ನಿಂತಿತು. ಹುಡುಗ ನಿಧಾನವಾಗಿ ತಿರುಗಿ ಅವಳನ್ನು ನೋಡಿದ. ಹೊಸಬರ ಮನೆಗೆ ಬಂದ ಮಕ್ಕಳು ನೋಡುತ್ತವಲ್ಲ, ಹಾಗೆ.

“ಅವ್ವಾ,” ಅಂದ.

ಹುಟ್ಟಿದಾಗಿನಿಂದ ಆ ಮಾತು ಅವನ ಬಾಯಿಂದ ಬಂದಿರಲಿಲ್ಲ. ಪೂರ್ಣಿಮಾ ಅವನನ್ನು ಎಳೆದು ಅಪ್ಪಿಕೊಂಡಳು. ಕೂದಲಲ್ಲಿ ಎಣ್ಣೆಯ ವಾಸನೆ ಇರಲಿಲ್ಲ. ನೀರು ಬಿದ್ದ ಕಲ್ಲಿನ ವಾಸನೆ.

ಬೆಳಗಾಯಿತು. ರೊಟ್ಟಿ ಮುಟ್ಟಲಿಲ್ಲ. ತನಗೆ ಪ್ರಾಣವಾಗಿದ್ದ ಮುಳ್ಳನ್ನು ಕೈಗೆ ಕೊಟ್ಟರೆ ಅದು ಯಾರದೋ ಅನ್ನುವ ಹಾಗೆ ಕೆಳಗಿಟ್ಟ. ಹಗ್ಗದ ಮೇಲಿನ ಸೀರೆ ಎಳೆದು ತಂದು, ತೊಲೆ ತೋರಿಸಿ, ಜೋಲಿ ಕಟ್ಟು ಅಂತ ಕೈ ಮಾಡಿದ. ಜೋಲಿ ಬಿಟ್ಟು ಎರಡು ವರ್ಷವಾದ ಹುಡುಗ. ಪಾದಕ್ಕೆ ಬಿಳಿ ಕಲ್ಲಿನ ಪುಡಿ ಅಂಟಿತ್ತು. ತೊಳೆದಳು. ಮತ್ತೆ ನೋಡಿದರೆ ಮತ್ತೆ ಇತ್ತು.

ತಾಂಡೂರಿಗೆ ಕರೆದುಕೊಂಡು ಹೋದರು. ಡಾಕ್ಟರು ನಾಲಿಗೆ ನೋಡಿ, ಎದೆ ನೋಡಿ, ಥಂಡಿ ಹತ್ತಿದೆ ಅಂತ ಸಿರಪ್ ಬರೆದರು. ಮಧ್ಯಾಹ್ನದ ಹೊತ್ತಿಗೆ ತುಟಿ ನೀಲಿಯಾಯಿತು. ಕಂಬಳಿ ಮೇಲೆ ಕಂಬಳಿ ಹೊದಿಸಿದರೂ ಮೈ ಬಿಸಿಯಾಗದು. ಮುಟ್ಟಿದರೆ ಬೆಳಗಿಗಿಂತ ತಣ್ಣಗೆ. ಸಂಗು ಅಂತ ಎಷ್ಟು ಕರೆದರೂ ತಿರುಗುವುದಿಲ್ಲ.

ಶಾಂತಾಬಾಯಿ ಮೊಣಕಾಲು ಹಿಡಿದುಕೊಂಡು ಬಂದು ಸೊಸೆಯ ಎದುರು ಕೂತಳು.

“ಪೂರ್ಣಿ. ನಿನ್ನಿ ನಿನ್ನ ಬಾಯಿಲೇ ಕರದಿ ಹೌದಿಲ್ಲೋ?”

ಪೂರ್ಣಿಮಾ ಎಲ್ಲ ಹೇಳಿದಳು. ರೆಕಾರ್ಡರು, ಸ್ಪೀಕರು, ನಗು, ತಾನು ಬಾಯಿ ಮುಚ್ಚಿಕೊಂಡದ್ದು.

“ಮಶೀನ್ ಕರದಾಗ ಕೂಸು ನಿನ್ನ ಕೈಯಾಗಿತ್ತೇನು?”

“ಇಲ್ಲ. ಮಲಗಿದ್ದ.”

ಶಾಂತಾಬಾಯಿ ಮೂಲೆಯ ಹುಡುಗನಿಗೆ ಕೇಳದಂತೆ ದನಿ ತಗ್ಗಿಸಿದಳು.

“ನಿನ್ನ ಮದಿವಿಗಿ ಭಾಳ ಮೊದಲಿನ ಮಾತು,” ಅಂದಳು. “ಖಣಿ ನಡ್ದಿತ್ತು. ಕಲ್ಲು ಒಡಿಯೋ ಹೆಣ್ಮಕ್ಕಳು ಆಲದ ಟೊಂಗಿಗಿ ಸೀರಿ ಜೋಲಿ ಕಟ್ಟಿ ಕೂಸುಗಳಿಗಿ ಮಲಗಸ್ತಿದ್ರು. ಒಂದಿನ ಸಂಜಿಮುಂದ ತಳದಾಗಿಂದ ಒಮ್ಮೆಲೇ ನೀರ್ ಎದ್ದು ಬಂತು. ಎಲ್ಲಾರೂ ತಮ್ಮ ತಮ್ಮ ಕೂಸಿನ ಹೆಸರು ಕರಕೋತ ಓಡಿ ಬಂದು ಎತ್ಕೊಂಡು ಹೋದ್ರು. ಒಬ್ಬಾಕಿ ಮ್ಯಾಲ ಬರ್ಲೇ ಇಲ್ಲ. ಆಕಿ ಜೋಲಿ ಹಂಗೇ ಉಳೀತು. ಬೆಳಿಗ್ಗಿ ಹೋಗಿ ನೋಡಿದ್ರ... ಜೋಲಿ ಖಾಲಿ.”

“ಕೂಸು?”

“ಅಂವಗ ಯಾರ್ ಕರದಾರ? ಕರದಿದ್ರ ಬರ್ತಿದ್ದ.” ಶಾಂತಾಬಾಯಿ ಸೆರಗಿನಿಂದ ಮೂಗೊರೆಸಿದಳು. “ಹೆಸರೇನು, ಯಾರಿಗೂ ಗೊತ್ತಿಲ್ಲ. ಅದಕ್ಕ ಯಾರ ಹೆಸರು ಹಿಡಿದು ಕರದ್ರೂ ಅಂವ ಏಳ್ತಾನ. ತಾಯಿ ಕೈಯಾಗ ಆಕಿ ಕೂಸು ಇದ್ರ ಸುಮ್ನ ಇರ್ತಾನ. ನೀ ಖಾಲಿ ಕೈಲೇ ಕರದಂಗಾತು. ಅಂವ ಬಂದು ಈ ಮೈಯಾಗ ಕುಂತ. ನಿನ್ನ ಮಗಗ ಯಾರೂ ಕರೀಲಿಲ್ಲ. ಸಂಗು ಅಲ್ಲೇ ಉಳದಾನ.”

ಪೂರ್ಣಿಮಾ ಮೂಲೆಯಲ್ಲಿ ಕೂತ ಹುಡುಗನನ್ನು ನೋಡಿದಳು. ಮಗನ ಮುಖ, ಮಗನ ಅಂಗಿ. ಕೈಯಲ್ಲಿ ಚಮಚ. ಟಕ್... ಟಕ್...

“ಈಗೇನ್ ಮಾಡ್ಲಿ?”

“ಇವತ್ತೇ ಹೋಗು. ನಾಳಿ ಅಂದ್ರ ಮೈ ಪೂರಾ ತಣ್ಣಗಾಗ್ತದ. ಅದೇ ಆಲದ ಗಿಡಕ್ಕ ಜೋಲಿ ಕಟ್ಟಿ ತೂಗು. ಅಂವ ಮಲಗ್ಲಿ. ಮಲಗಿದ ಮ್ಯಾಲ ಮೈ ಎತ್ಕೊಂಡು ನಿನ್ನ ಮಗಗ ಕರಿ. ನಿನ್ನ ಬಾಯಿಲೇ. ಆದ್ರ ಪೂರ್ಣಿ, ಅಂವ ಏನರ ಕೇಳಿದ್ರ ಮಾತು ಕೊಡಬ್ಯಾಡ.”

ಹೊತ್ತು ಮುಳುಗುವಾಗ ಸೂರ್ಯಕಾಂತ ಆಟೋ ರಸ್ತೆಗೆ ನಿಲ್ಲಿಸಿದ. ಎಂಜಿನ್ ಆರಿಸಲಿಲ್ಲ.

“ನಾ ಬರ್ಲೇನು?”

“ಬ್ಯಾಡ. ಗಾಡಿ ಚಾಲೂ ಇಡ್ರಿ ಸಾಕು.”

ಆಲದ ಟೊಂಗೆಗೆ ಸೀರೆ ಕಟ್ಟಿದಳು. ಹುಡುಗ ತಾನೇ ಕೈ ಚಾಚಿದ, ಹತ್ತಲು. ಮಲಗಿಸಿ ತೂಗಿದಳು. ಟೊಂಗೆ ಗೀಂಯ್... ಗೀಂಯ್... ಅನ್ನುತ್ತಿತ್ತು. ಖಣಿಯ ಒಳಗೆ ಚಕ್, ಚಕ್, ಚಕ್‌ಚಕ್‌ರ್ರ್. ಹಕ್ಕಿಯೇ ಇರಬೇಕು. ಹಕ್ಕಿಯೇ ಅಂತ ಹೇಳಿಕೊಂಡಳು. ಸಂಗುನನ್ನು ಮಲಗಿಸುವ ಹಾಡು ನೆನಪಿಗೆ ಬರಲಿಲ್ಲ. ಬರೀ ಜೋ ಜೋ ಅಂದಳು. ಹಲ್ಲು ಕಟಕಟ ಹೊಡೆದುಕೊಳ್ಳುತ್ತಿದ್ದವು.

ಕತ್ತಲಾಯಿತು. ಜೋಲಿಯೊಳಗೆ ಎರಡು ಕಣ್ಣು ಇನ್ನೂ ತೆರೆದೇ ಇದ್ದವು.

“ಅವ್ವಾ.”

ಅವಳು ತೂಗುತ್ತಲೇ ಇದ್ದಳು.

“ಅವ್ವಾ... ಬಿಟ್ಟು ಹೋಗ್ತಿ?”

ಹೂಂ ಅನ್ನಬಾರದು, ಊಹೂಂ ಅನ್ನಬಾರದು. ಗೊತ್ತಿತ್ತು. ಅತ್ತೆ ಎಷ್ಟು ಸ್ಪಷ್ಟವಾಗಿ ಹೇಳಿದ್ದಳು. ಆದರೆ ಮಲಗುವ ಕೂಸು ಕತ್ತಲಲ್ಲಿ ಹಾಗೆ ಕೇಳಿದರೆ ತಾಯಂದಿರು ಏನು ಅನ್ನುತ್ತಾರೋ, ಅದೇ ಅವಳ ಬಾಯಿಂದ ಬಂದುಬಿಟ್ಟಿತು.

“ಇಲ್ಲಪ್ಪ. ಎಲ್ಲಿ ಹೋಗ್ಲಿ? ಮಲಕೋ.”

ಕಣ್ಣು ಮುಚ್ಚಿದವು.

ಚಕ್ ಚಕ್ ನಿಂತಿತು. ಅವಳು ಮೈಯನ್ನು ಮೆಲ್ಲಗೆ ಎತ್ತಿಕೊಂಡಳು. ಮಂಜುಗಡ್ಡೆಯ ಹಾಗಿತ್ತು. ಖಣಿಯ ಕಡೆ ತಿರುಗಿದಳು.

“ಬಾ ಸಂಗು, ಮನೀಗಿ ಹೋಗಮು.”

ಏನೂ ಇಲ್ಲ.

“ಬಾ ಸಂಗು, ಮನೀಗಿ ಹೋಗಮು.”

ಖಣಿಯ ಆಚೆ ದಂಡೆಯಲ್ಲಿ ಎಲೆಯ ಸದ್ದು... ಚರಕ್. ನಿಂತಿತು. ಮತ್ತೆ ಚರಕ್, ಚರಕ್. ಸಣ್ಣ ಹೆಜ್ಜೆ. ದಂಡೆ ಸುತ್ತಿ ಬರುತ್ತಿತ್ತು. ಓಡಲು ಶುರು ಮಾಡಿತು. ಅವಳಿಗೆ ಕಣ್ಣು ಮುಚ್ಚಬೇಕೆನಿಸಿತು. ಮುಚ್ಚಲಿಲ್ಲ. ಅಲ್ಲಿ ನೋಡಲು ಏನೂ ಇರಲಿಲ್ಲ. ಎಲೆಗಳು ಮಾತ್ರ ಒಂದೊಂದಾಗಿ ಚದರುತ್ತ ಅವಳ ಕಡೆ ಬರುತ್ತಿದ್ದವು.

ಮೂರನೇ ಸಲ ಅವಳು ಕರೆಯಲಿಲ್ಲ, ಒದರಿದಳು.

ಕೈ ಕೊರಳ ಸುತ್ತ ಬಿಗಿಯಾಯಿತು.

“ಮಮ್ಮಿ,” ಅಂದ ಸಂಗು, ನಿದ್ದೆಗಣ್ಣಲ್ಲಿ. “ಹಸಿವ್ಯಾಗ್ಯಾದ. ನನ್ನ ಮುಳ್ಳು ಎಲ್ಲಿ?”

ಅವಳು ಓಡಿದಳು. ಟೊಂಗೆಯ ಜೋಲಿ ಬಿಚ್ಚಲೂ ನಿಲ್ಲಲಿಲ್ಲ. ಆಟೋ ಹತ್ತುವವರೆಗೂ ಹಿಂದೆ ಟೊಂಗೆಯ ಸದ್ದು ಕೇಳುತ್ತಿತ್ತು. ಗೀಂಯ್... ಗೀಂಯ್... ಆಮೇಲೆ ನಿಂತಿತು, ತೂಗುವ ಜೋಲಿಯಿಂದ ಯಾರೋ ಇಳಿದಾಗ ನಿಲ್ಲುವ ಹಾಗೆ.

ಮನೆಗೆ ಬಂದರು. ಸಂಗು ಆಟೋದಲ್ಲೇ ಬಿಸಿಯಾಗಿದ್ದ. ಅವನ ಬೆವರು ಅವಳ ಕುಪ್ಪಸಕ್ಕೆ ಅಂಟಿತ್ತು. ಸೂರ್ಯಕಾಂತ ಒಳಗೆ ಬಂದ. ಕಿರ್ರ್... ಟಕ್. ಮಗನನ್ನು ಹೊತ್ತು ಪೂರ್ಣಿಮಾ ಬಂದಳು. ಕಿರ್ರ್... ಟಕ್. ಅವಳು ಬಾಗಿಲಿಗೆ ಬೆನ್ನು ಕೊಟ್ಟು, ಚಿಲಕಕ್ಕೆ ಕೈ ಹಾಕಿದಳು.

ಕಿರ್ರ್...

ಗಾಳಿ ಇರಲಿಲ್ಲ. ಅಂಗಳದ ತುಳಸಿಯ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಟಕ್.

ಒಳಗಿನಿಂದ ಶಾಂತಾಬಾಯಿಯ ದನಿ ಬಂತು, ಮೆಲ್ಲಗೆ. “ಪೂರ್ಣಿ... ಮಾತು ಕೊಟ್ಟು ಬಂದ್ಯಾ?”

ಪೂರ್ಣಿಮಾ ಚಿಲಕದ ಮೇಲಿನ ಕೈ ತೆಗೆದಳು.

ಸಂಗು ಈಗ ಗಟ್ಟಿಯಾಗಿದ್ದಾನೆ. ಅಂಗನವಾಡಿಗೆ ಹೋಗುತ್ತಾನೆ, ಎರಡು ರೊಟ್ಟಿ ತಿನ್ನುತ್ತಾನೆ, ಮಮ್ಮಿ ಅನ್ನುತ್ತಾನೆ. ಪ್ರವೀಣಕುಮಾರ ಆ ರೆಕಾರ್ಡಿಂಗ್ ಅಳಿಸಿಬಿಟ್ಟನಂತೆ, ಯಾಕೆ ಅಂತ ಯಾರಿಗೂ ಹೇಳಿಲ್ಲ. ಸೂರ್ಯಕಾಂತ ಗೇಟಿಗೆ ಎಣ್ಣೆ ಹಾಕಿದ, ಕಲ್ಲು ಬದಲಿಸಿದ. ಸದ್ದು ಮಾತ್ರ ಹೋಗಲಿಲ್ಲ.

ಸುಳ್ಳು ಅನ್ನುವವರು ಹೋಗಿ ಅವರ ಕಟ್ಟೆಯ ಮೇಲೆ ಸಂಜೆ ಕೂತು ನೋಡಿ. ನಾನು ಕೂತಿದ್ದೇನೆ. ಹೊತ್ತು ಮುಳುಗಿದ ಮೇಲೆ ಪೂರ್ಣಿಮಾ ಬಾಗಿಲಿಗೆ ಬಂದು ಮಗನನ್ನು ಆಟದಿಂದ ಕರೆಯುತ್ತಾಳೆ. ಸಂಗು ಓಡಿ ಬರುತ್ತಾನೆ. ಕಿರ್ರ್... ಟಕ್. ಅವನು ಅವಳ ಪಕ್ಕದಿಂದ ನುಸುಳಿ ಒಳಗೆ ಹೋಗುತ್ತಾನೆ. ಆದರೆ ಅವಳು ಚಿಲಕ ಹಾಕುವುದಿಲ್ಲ. ಬಾಗಿಲು ಹಿಡಿದುಕೊಂಡು ಖಾಲಿ ಅಂಗಳ ನೋಡುತ್ತ ನಿಂತಿರುತ್ತಾಳೆ. ತಡವಾದರೆ ಬೈಯುತ್ತಾಳೆ ಕೂಡ.

“ಥಂಡಿ ಒಳಗ ಬರ್ಲಾಕತ್ತದ. ಲಗೂ ಬಾ.”

ಕಿರ್ರ್... ಟಕ್.

ಆಮೇಲೆ ಚಿಲಕ ಹಾಕುತ್ತಾಳೆ.